ಒಳಕೊಕ್ಕಿ ಹೆಚ್ಚೋ, ಹೊರಕೊಕ್ಕಿ ಹೆಚ್ಚೋ

ಬಂದೂಕು ರಿಪೇರಿ ಅಂಗಡಿಗೆ ಬರುವವರೆಲ್ಲ ಮುಖ ಬಿಗಿದುಕೊಂಡೇ ಬರುತ್ತಾರೆ. ಅವರು ಹೋಗುವವರೆಗೆ ನಗದಂತೆ ನಾವೂ ಮುಖ ಬಿಗಿದುಕೊಂಡು ಕೂಡಬೇಕಾಗುತ್ತದೆ. ಬೆಟಗೇರಿಯಲ್ಲಿ ಅಬ್ಬಾ ಹಾಕಿದ ಅಂಗಡಿಯಲ್ಲಿ ನಾನು ಮತ್ತು ನನ್ನ ಅಣ್ಣ ಭಾಯಿ ಇಪ್ಪತ್ತೈದು ವರ್ಷದಿಂದ ಹೀಗೇ ಕೂತಿದ್ದೇವೆ.

ನಮ್ಮಿಬ್ಬರದು ಒಂದೇ ಜಗಳ, ಅದೂ ಬೆರಳುದ್ದದ ಉಕ್ಕಿಗಾಗಿ. ಪಿಸ್ತೂಲು ಹಾರಿದ ಮೇಲೆ ಖಾಲಿ ತೋಟಾವನ್ನು ಹಿಂದಕ್ಕೆ ಎಳೆದು ತೆಗೆಯಲು ಒಂದು ಕೊಕ್ಕೆ ಇರುತ್ತದೆ. ಪುಸ್ತಕದಲ್ಲಿ ಅದು ಎಕ್ಸ್‌ಟ್ರ್ಯಾಕ್ಟರ್, ನಮ್ಮಲ್ಲಿ ಕೊಕ್ಕಿ. ಕೆಲವು ಪಿಸ್ತೂಲಿನಲ್ಲಿ ಅದು ಒಳಗೆ ಅಡಗಿದ ಉದ್ದನೆಯ ಉಕ್ಕಿನ ಪಟ್ಟಿ. ಬಿಗಿ ಸಡಿಲಾದರೆ ಕೈಯಿಂದ ಬಗ್ಗಿಸಿ ಹದಕ್ಕೆ ತರಬೇಕು. ಇನ್ನು ಕೆಲವದರಲ್ಲಿ ಹೊರಗೆ ಪಕ್ಕದಲ್ಲಿ ಕಾಣುವ ಸಣ್ಣ ತುಂಡು, ಅದರ ಕೆಳಗೊಂದು ಸ್ಪ್ರಿಂಗು. ಕೆಟ್ಟರೆ ಕಿತ್ತು ಬೇರೆ ಹಾಕಿದರೆ ಆಯಿತು. ಭಾಯಿ ಒಳಕೊಕ್ಕಿಯ ಪಕ್ಷ, ನಾನು ಹೊರಕೊಕ್ಕಿಯ ಪಕ್ಷ.

"ಸ್ಪ್ರಿಂಗ್ ಬದಲಿ ಮಾಡೂದು ಕೆಲಸ ಏನಲೇ? ಅದು ಟಾರ್ಚಿಗೆ ಸೆಲ್ ಹಾಕಿದಂಗ" ಎನ್ನುತ್ತಾನೆ ಅವನು.

"ನಿನ್ನ ಕೊಕ್ಕಿ ಹದಾ ಮಾಡಾಕ ನೀನ ಬೇಕು. ನನ್ನ ಕೊಕ್ಕಿಗೆ ಯಾರಾದ್ರೂ ನಡೀತೈತಿ" ಎನ್ನುತ್ತೇನೆ ನಾನು.

ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನೆತನ ನಮ್ಮದು.

ಸೊರಟೂರ ಗೌಡರು

ಸೊರಟೂರಿನ ಗೌಡರೊಬ್ಬರು ಲೈಸನ್ಸಿನ ಹೊಸ ಪಿಸ್ತೂಲು ತಂದರು. ಒಳಕೊಕ್ಕಿಯದು. ತೋಟಾ ಹೊರಗೆ ಬರುವುದಿಲ್ಲ ಎಂಬ ದೂರು. ಭಾಯಿ ಬಿಚ್ಚಿ ನೋಡಿದರೆ ಕೊಕ್ಕಿಯ ತುಟಿಯೇ, ಅಂದರೆ ತೋಟಾ ಹಿಡಿಯುವ ತುದಿಯೇ, ಮುರಿದಿತ್ತು.

"ಗೌಡ್ರ, ಗುಂಡು ಹೆಂಗ ಹಾಕ್ತೀರಿ?"

"ಹೆಂಗ ಅಂದ್ರ? ನಳಿಗ್ಯಾಗ ಒಂದ ಇಟ್ಟು ಮುಚ್ಚತೀನಿ. ಮೂವತ್ತು ವರ್ಷ ಹೊಲದಾಗ ಹಂದಿ ಕಾದೀನಿ, ನನಗ ಕಲಸ್ತೀರೇನು?"

ಹಂದಿ ಕಾಯುವಾಗ ಅವರ ಕೈಯಲ್ಲಿ ಇದ್ದದ್ದು ಹಳೆಯ ಜೋಡುನಳಿಗೆಯ ಬಂದೂಕು. ತೆರೆ, ಕೈಯಿಂದ ತೋಟಾ ಇಡು, ಮುಚ್ಚು. ಒಳಕೊಕ್ಕಿಗೆ ಅದು ನಡೆಯುವುದಿಲ್ಲ. ಗುಂಡು ಹಿಡಿಕೆಯೊಳಗೆ ಕೂಡುವ ಮ್ಯಾಗಜಿನ್ ಡಬ್ಬಿಯಿಂದ ಮೇಲೇರಿ ಕೊಕ್ಕಿಯ ಕೆಳಗೆ ಜಾರಿ ಕೂಡಬೇಕು. ಕೈಯಿಂದ ಇಟ್ಟು ಮುಚ್ಚಿದರೆ ಕೊಕ್ಕಿ ಗುಂಡಿನ ಅಂಚನ್ನು ಹಾರಲು ಹೋಗಿ ತುಟಿ ಒಡೆದುಕೊಳ್ಳುತ್ತದೆ. ಭಾಯಿ ಇದನ್ನು ಮಗ್ಗಿ ಹೇಳಿಸಿದಂತೆ ಗೌಡರಿಂದ ಮೂರು ಸಲ ಹೇಳಿಸಿದ.

"ಆತು. ಹಂಗಾದ್ರ ಈ ಡಬ್ಬಿ ಅದಕ್ಕೇನ್ರಿ ಉಸ್ತಾದ್ರ?" ಎಂದು ಗೌಡರು ಕಿಸೆಯಿಂದ ಮ್ಯಾಗಜಿನ್ ತೆಗೆದರು. ಬಾಯಿತನಕ ಅಡಕಿ ಹೋಳು. "ಒಂದ ತಗದ್ರ ಇನ್ನೊಂದ ತಾನ ಮ್ಯಾಲ ಬರ್ತೈತಿ. ಭಾಳ ಚಲೋ ಸೋಯಿ ಮಾಡ್ಯಾರ ಅಂದಕೊಂಡಿದ್ದೆ."

ಪಿಸ್ತೂಲಿನ ಜೊತೆ ಎರಡು ಮ್ಯಾಗಜಿನ್ ಬಂದಿದ್ದವು. ಒಂದಕ್ಕೆ ಗುಂಡು ತುಂಬಲು ಗೌಡರು ಒಪ್ಪಿದರು. ಇನ್ನೊಂದು ಅಡಕಿಗೇ ಉಳಿಯಿತು.

ಖಂಡೇಪೂಜೆಯ ಮರುವಾರ

ಮಹಾನವಮಿ ಮುಗಿದ ವಾರ ನಮಗೆ ಕೈತುಂಬ ಕೆಲಸ. ಖಂಡೇಪೂಜೆಗೆ ಕುಡಗೋಲಿನ ಪಕ್ಕ ಪಿಸ್ತೂಲನ್ನೂ ಇಟ್ಟು ಪೂಜೆ ಮಾಡಿರುತ್ತಾರೆ. ಲಕ್ಷ್ಮೇಶ್ವರದ ವ್ಯಾಪಾರಿಯೊಬ್ಬರು ತಾಯಿಯ ಜೊತೆ ಬಂದರು. ಅವರದು ಹೊರಕೊಕ್ಕಿ. ಎಣ್ಣೆ, ಕುಂಕುಮ ಸೇರಿ ಅದರ ಸ್ಪ್ರಿಂಗು ಅಲ್ಲಾಡದಂತೆ ಅಂಟಿತ್ತು. ಭಾಯಿಗೆ ಅವತ್ತು ಹಬ್ಬ. "ನೋಡು, ಒಳಗಿದ್ದಿದ್ರ ಈ ತಾಪತ್ರಯ ಇರತಿತ್ತೇನು?" ಎಂದ.

"ಅವ್ವಾರ, ಈ ತುಂಡಿಗೆ ಕುಂಕುಮ ಹಚ್ಚಬ್ಯಾಡ್ರಿ" ಎಂದೆ.

"ಕಣ್ಣಿಗೆ ಕಾಣೂದಕ್ಕ ಹಚ್ಚದ ಹೆಂಗ ಬಿಡ್ಲೋ ತಮ್ಮಾ?"

"ಹಸಿ ಏನೂ ಹಚ್ಚಬ್ಯಾಡ್ರಿ, ಅಷ್ಟ ಸಾಕು."

ಮರುವರ್ಷ ಆ ತಾಯಿ ಹೆಮ್ಮೆಯಿಂದಲೇ ಬಂದರು. "ನಿನ್ನ ಮಾತು ಮೀರಿಲ್ಲಪಾ. ಒಂದ ಹನಿ ಹಸಿ ಹಚ್ಚಿಲ್ಲ" ಎಂದರು. ಬಿಚ್ಚಿ ಮೇಜಿಗೆ ತಟ್ಟಿದೆ. ಒಂದು ಹಿಡಿ ವಿಭೂತಿ ಉದುರಿತು.

ಕಿಟಕಿಯ ಜಾಗ

ನಮ್ಮ ಅಂಗಡಿಗೆ ಇರುವುದು ಒಂದೇ ಕಿಟಕಿ. ಅದರ ಪಕ್ಕದ ಸ್ಟೂಲು ಮೊದಲು ಅಬ್ಬಾನದು, ಆಮೇಲೆ ಭಾಯಿಯದು. ಎರಡು ವರ್ಷದಿಂದ ಭಾಯಿಯ ಕಣ್ಣಿಗೆ ಪೊರೆ ಬಂದಿತ್ತು. ಆ ಬೆಳಕು ತಪ್ಪಿದರೆ ಅವನಿಗೆ ಕೆಲಸವೇ ಇಲ್ಲ. ಆಪರೇಶನ್ನಿಗೆ ಹೆದರಿ ಡಾಕ್ಟರರು ಬರೆದುಕೊಟ್ಟ ಚೀಟಿಯನ್ನು ಕಿಸೆಯಲ್ಲೇ ಮಡಚಿಟ್ಟುಕೊಂಡಿದ್ದ. "ನನ್ನ ಕಣ್ಣಿಗೇನ ಆಗೈತಿ? ಕಿಟಕಿ ಗಾಜ ಹೊಲಸಾಗೈತಿ" ಎನ್ನುತ್ತಿದ್ದ. ನಾನು ದಿನಾ ಗಾಜು ಒರೆಸುತ್ತಿದ್ದೆ. ಸಿಟ್ಟೂ ಬರುತ್ತಿತ್ತು, ಹೀಗೇ ಬಿಟ್ಟರೆ ಇವನ ಕಣ್ಣೇ ಹೋದೀತೆಂದು ಹೆದರಿಕೆಯೂ ಆಗುತ್ತಿತ್ತು.

ಕಡೆಗೆ ನಾನೇ ಪಂದ್ಯ ಕಟ್ಟಿದೆ. ಕಲಿಯಲೆಂದು ಅಬ್ಬಾ ಇಟ್ಟಿದ್ದ, ಹಾರದ ಎರಡು ಹಳೆಯ ಪಿಸ್ತೂಲು ಇದ್ದವು. ಒಂದು ಒಳಕೊಕ್ಕಿಯದು, ಒಂದು ಹೊರಕೊಕ್ಕಿಯದು. ಮದ್ದಿಲ್ಲದ ಹಿತ್ತಾಳೆ ಗುಂಡು ಹಾಕಿ, ಇಬ್ಬರೂ ಐವತ್ತು ಸಲ ಎಳೆದು ತೆಗೆಯಬೇಕು. ಯಾರದು ಸಿಕ್ಕಿಕೊಳ್ಳುತ್ತದೋ ಅವರು ಸೋತಂತೆ; ಸಮವಾದರೆ ಹಿರಿಯನೆಂದು ಭಾಯಿಯೇ ಗೆದ್ದಂತೆ.

"ನಾ ಸೋತ್ರ ಹೊರಕೊಕ್ಕಿ ಹೆಸರ ಎತ್ತಂಗಿಲ್ಲ. ನೀ ಸೋತ್ರ ಆಪರೇಶನ್ ಮಾಡಿಸ್ಕೋಬೇಕು, ಇಲ್ಲಾ ಕಿಟಕಿ ಜಾಗ ಬಿಡಬೇಕು."

"ಒಳಕೊಕ್ಕಿ ಸೋಲೂದ? ಆಗ್ಲಿ ಹಾಕು" ಎಂದ.

ಪಂಚರಾಗಿ ಕೂತವರು ಸೊರಟೂರ ಗೌಡರು, ಕೈಯಲ್ಲಿ ಅದೇ ಅಡಕಿ ಡಬ್ಬಿ. ನನ್ನ ಐವತ್ತೂ ಸಲೀಸಾಗಿ ಬಂದವು. ಭಾಯಿಯದೂ ನಲವತ್ತೊಂಬತ್ತು ಬೆಣ್ಣೆಯಂತೆ ಬಂದವು. ನಿಜ ಹೇಳಬೇಕೆಂದರೆ ನಾನು ಆಸೆ ಬಿಟ್ಟಿದ್ದೆ. ಉಳಿದದ್ದು ಒಂದೇ ಗುಂಡು. ಪಿಸ್ತೂಲು ತೆರೆದೇ ಇತ್ತು. ಒಂದಕ್ಕಾಗಿ ಯಾರು ಮ್ಯಾಗಜಿನ್ ತುಂಬುತ್ತಾರೆ? ಗೆದ್ದೆನೆಂಬ ಖುಷಿಯಲ್ಲಿ ಭಾಯಿ ಆ ಗುಂಡನ್ನು ಕೈಯಿಂದಲೇ ನಳಿಗೆಯೊಳಗೆ ಇಟ್ಟು ಮುಚ್ಚಿಬಿಟ್ಟ. ಟಕ್ ಎಂದಿತು. ಎಳೆದರೆ ಗುಂಡು ಒಳಗೇ ಕೂತಿತ್ತು. ಕೊಕ್ಕಿಯ ತುಟಿ ಮೇಜಿನ ಮೇಲೆ ಬಿತ್ತು.

ಭಾಯಿ ಎದ್ದು ಕಿಸೆಯಲ್ಲಿ ಡಾಕ್ಟರರ ಚೀಟಿ ಹುಡುಕಿದ.

ಆಪರೇಶನ್ ಚೆನ್ನಾಗಿ ಆಯಿತು. ಅಂಗಡಿಗೆ ಮರಳಿದ ದಿನವೇ ಅವನು ಸ್ಟೂಲಿನ ಮೇಲೆ ಕೂತು ಮುರಿದ ಕೊಕ್ಕಿಯನ್ನು ಕಣ್ಣ ಹತ್ತಿರ ಹಿಡಿದ. "ಲೇ, ಇದು ಮೊದಲ ಸೀಳಿತ್ತು. ಈಗ ಕಾಣಸ್ತೈತಿ. ಪಂದ್ಯ ಮತ್ತ ಆಗಬೇಕು" ಎಂದ.

ಬಾಗಿಲಲ್ಲಿ ಕೂತಿದ್ದ ಗೌಡರು ಕಿಸೆಗೆ ಕೈ ಹಾಕಿದರು. "ಆಗ್ಲಿ ಉಸ್ತಾದ್ರ. ಆದ್ರ ಈ ಸಲ ಕೈಲೆ ಇಡಬ್ಯಾಡ್ರಿ. ಬೇಕಾದ್ರ ನನ್ನ ಡಬ್ಬಿ ತಗೋರಿ, ಅಡಕಿ ತಗದ ಕೊಡ್ತೀನಿ."