ಅವ್ವನ ಪರವಾಗಿ ನಾನು ವಾದಿಸಿದ ದಿನ

ಅವ್ವ ಸಿಟ್ಟು ಮಾಡಿಕೊಂಡು ಹೊಸ ಸೊಸೆಯ ಉಡಿ ತುಂಬದೆ ಎದ್ದುಹೋದಳು ಎಂಬ ಕಥೆಯೊಂದು ನಮ್ಮ ಬಳಗದಲ್ಲಿ ಓಡಾಡುತ್ತಿದೆ. ಇದಕ್ಕೆ ನನ್ನ ತೀವ್ರ ಆಕ್ಷೇಪಣೆಯಿದೆ. ಅವ್ವ ಎದ್ದದ್ದು ನಿಜ. ಕೆಡಿಸಿದ್ದು ಮಾತ್ರ ನಾನು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾರಿಗೂ ಸೋಲದವನು!

ಕಲಬುರಗಿಯಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಹೊಸ ಸೊಸೆಯನ್ನು ಕರೆದುಕೊಂಡು ತೆಲುಗು ಸೀಮೆಯ ಮಣಿಕೊಂಡದಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಆ ಹುಡುಗಿಯ ಉಡಿ ತುಂಬಬೇಕೆಂದು ಅವ್ವನಿಗೆ ಎಷ್ಟು ಆಸೆಯೆಂದರೆ, ಒಂದು ಇಳಕಲ್ ಸೀರೆ ಆರಿಸಲು ಇಡೀ ದಿನ ಅಂಗಡಿ ಸುತ್ತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಎಲ್ಲ ಮೊರದಲ್ಲಿ ಸಿದ್ಧ. ಹುಡುಗಿ ಸೆರಗೊಡ್ಡಿ ಕುಳಿತಳು. ಅಷ್ಟರಲ್ಲಿ ಅವ್ವನ ಮುಖ ಕೆಂಪಾಗಿ, ಹಣೆಯಿಂದ ಬೆವರು ಇಳಿಯಿತು. "ಈಗ ಬಂದೆ" ಎಂದವಳೇ ಬಾಲ್ಕನಿಗೆ ನಡೆದಳು.

"ಏಸಿ ಹಚ್ಚಿದ ಮನ್ಯಾಗ ಎಂಥಾ ಸೆಕಿ? ಸುಮಾಗ ಈಗೀಗ ಭಾಳ ಸಿಟ್ಟು. ನಾವು ಬಂದದ್ದ ಬ್ಯಾಸರಾಗೇತಿ," ಎಂದು ಅತ್ತೆ ಅವ್ವನ ಹೆಸರೆತ್ತಿದರು.

ಪುರಾವೆಯಿಲ್ಲದ ಆರೋಪ! ನಾನು ಎದ್ದು ನಿಂತೆ. ಡಾಕ್ಟರು ಹೇಳಿದ್ದನ್ನು ಅವ್ವ ನನಗೊಬ್ಬನಿಗೇ, ಅದೂ ಹಿಂಜರಿಯುತ್ತ, ಹೇಳಿದ್ದಳು. ಆಮೇಲೆ ನಾನು ಸಾಕಷ್ಟು ಓದಿಕೊಂಡಿದ್ದೆ. ಸಿದ್ಧತೆ ವ್ಯರ್ಥವಾಗಬಾರದಲ್ಲ!

"ಅತ್ತಿ, ಅದು ಸಿಟ್ಟಲ್ಲ. ಮುಟ್ಟು ನಿಲ್ಲೂ ಮುಂಚಿನ ವರ್ಷಗಳಾಗ ಹಾರ್ಮೋನು ಏರುಪೇರಾಗ್ತಾವ. ಒಮ್ಮಿಂದೊಮ್ಮೆಲೆ ಮೈ ಕುದೀತೈತಿ, ನಿದ್ದಿ ಬರಂಗಿಲ್ಲ, ಮರವು ಹೆಚ್ಚಾಗ್ತೈತಿ. ಮುಟ್ಟಂತೂ ಯಾವಾಗ ಬರ್ತೈತಿ ಅಂತ ಹೇಳಾಕ ಆಗಂಗಿಲ್ಲ!"

ಅತ್ತೆಯ ಜೊತೆ ಬಂದಿದ್ದ ಅವರ ಗಂಡ, ಮಾಮಾ, ಪೇಪರಿನೊಳಗೆ ಮುಖ ಹುದುಗಿಸಿದರು. ಅಪ್ಪನಿಗೆ ಇದ್ದಕ್ಕಿದ್ದಂತೆ ಹಾಲು ತರುವುದು ನೆನಪಾಯಿತು. ಗೆದ್ದೆ ಎಂದುಕೊಂಡೆ.

ಅತ್ತೆ ಮೊರವನ್ನು ತಮ್ಮತ್ತ ಎಳೆದುಕೊಂಡರು. "ಹಂಗಾರ ಆಕಿ ಇವತ್ತ ಮುಟ್ಟಾಗ್ಯಾಳೋ ಏನೋ, ಯಾರಿಗೆ ಗೊತ್ತು? ಮುಟ್ಟಾದಾಕಿ ಉಡಿ ತುಂಬಬಾರದು. ಬ್ಯಾರೆ ಯಾರರೆ ತುಂಬಲಿ."

"ಅತ್ತಿ, ನಾ ಹೇಳಿದ್ದು ಅದಲ್ಲ..."

"ನೀನ ಅಂದೆಲ್ಲೋ ತಮ್ಮಾ, ಹೇಳಾಕ ಆಗಂಗಿಲ್ಲ ಅಂತ!"

ನನ್ನ ವಾದವೇ ಅವ್ವನ ವಿರುದ್ಧದ ಸಾಕ್ಷಿಯಾಗಿತ್ತು!

ಎದುರು ಮನೆಯ ಪದ್ಮಾ ಆಂಟಿಗೆ ಕರೆ ಹೋಯಿತು. ತೆಲುಗಿನವರಲ್ಲೂ ಉಡಿ ತುಂಬುವ ಪದ್ಧತಿ ಇದೆಯಲ್ಲ, ಖುಷಿಯಿಂದಲೇ ಬಂದರು. "ಸುಮಗಾರು ಏರಿ?" ಎಂದು ಅವ್ವನನ್ನು ಹುಡುಕುತ್ತ ಸುತ್ತ ನೋಡಿದರು. ಅತ್ತೆ ಮೊರವನ್ನು ಅವರ ಕೈಗಿತ್ತರು.

ಅವ್ವ ಬೆವರೊರೆಸಿಕೊಂಡು, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಾಗ, ಅವಳು ಆರಿಸಿದ ಸೀರೆಯ ಮೇಲೆ ಬೇರೊಂದು ಕೈ ಅಕ್ಕಿ ಸುರಿಯುತ್ತಿತ್ತು. "ಮುಟ್ಟಿನ ಸುದ್ದಿ ನಿನ್ನ ಮಗನ ಹೇಳ್ಯಾನ, ನೀ ದೂರ ಇರು," ಎಂದರು ಅತ್ತೆ. ಅವ್ವ ನನ್ನತ್ತ ನೋಡಿದಳು. ತಿರುಗಿ ಬಾಲ್ಕನಿಗೆ ಹೋದಳು.

ಬಂದವರೆಲ್ಲ ಹೋದ ಮೇಲೆ ಟೇಬಲ್ ಫ್ಯಾನ್ ಎತ್ತಿಕೊಂಡು ಹೋಗಿ ಅವಳ ಮುಂದಿಟ್ಟೆ. ವೈರು ಪ್ಲಗ್ಗಿನವರೆಗೆ ಮುಟ್ಟಲಿಲ್ಲ. ಅದೂ ನನ್ನ ಸಾಧನೆಯೇ!

"ನಿನಗೊಬ್ಬಗ ಹೇಳಿದ್ದೆ," ಎಂದಳು. ಅಷ್ಟೇ.

ಊರಿನವರ ಮಾತಿಗೆಲ್ಲ ಉತ್ತರ ಇಟ್ಟುಕೊಂಡು ತಿರುಗುವ ನನಗೆ, ಈ ಒಂದು ಪ್ರಶ್ನೆ ಹೊಳೆದದ್ದು ಆಗಲೇ:

"ಅವ್ವಾ, ನಾ ಏನ್ ಮಾಡಿದ್ರ ನಿನಗ ಹಗುರ ಆಗ್ತಿತ್ತು?"