ಎರಡು ತಿಂಗಳಿಗೊಂದು ಪ್ರಳಯ

ನಮ್ಮ ಮನೆ ಎರಡು ತಿಂಗಳಿಗೊಮ್ಮೆ ಬುಡಸಮೇತ ಹೋಗುತ್ತದೆ. ಹೋದಾಗಲೆಲ್ಲ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಮದ್ರಾಸಿನ ಕೀಲ್ಪಾಕ್‌ನ ಫ್ಲ್ಯಾಟ್ ಅಲ್ಲ, ಅದು ಗಟ್ಟಿಯಾಗಿಯೇ ಇದೆ. ನಾನು ಹೇಳುತ್ತಿರುವುದು ಫೋನಿನೊಳಗಿನ ಮನೆಯ ವಿಷಯ.

ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದ ಮೇಲೆ, ನಾನು ಕಿಟಕಿ ನೋಡುತ್ತ ಕೂರುವುದನ್ನು ಸಹಿಸಲಾರದೆ ಮಗಳು ಒಂದು ಆನ್‌ಲೈನ್ ಆಟ ಹಾಕಿಕೊಟ್ಟಳು. ಅದರಲ್ಲಿ ಒಂದು ದ್ವೀಪ, ಇಪ್ಪತ್ತು ಟೀಮು, ಟೀಮಿಗೆ ಮೂವರು. ಕೈಗೊಂದು ಕಲ್ಲು ಕೊಟ್ಟು ಬಿಟ್ಟುಬಿಡುತ್ತಾರೆ. ಮರ ಕಡಿದು, ಮನೆ ಕಟ್ಟಿ, ಸಾಮಾನು ಕೂಡಿಹಾಕಿ, ಸುಡಲು ಬರುವವರಿಂದ ಕಾಪಾಡಿಕೊಳ್ಳಬೇಕು. ಎರಡು ತಿಂಗಳಾದ ಮೇಲೆ ಒಂದು ಶುಕ್ರವಾರ ಸಂಜೆ ಐದಕ್ಕೆ ಯಾರ ಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ನೋಡಿ ರ‍್ಯಾಂಕ್ ಕೊಡುತ್ತಾರೆ, ಮರುಕ್ಷಣವೇ ಎಲ್ಲವನ್ನೂ ಅಳಿಸಿಹಾಕುತ್ತಾರೆ. ಆಮೇಲೆ ಎಲ್ಲರ ಕೈಗೂ ಮತ್ತೆ ಒಂದೊಂದು ಕಲ್ಲು. ಮಗಳು ಇದನ್ನು ವೈಪ್ ಅನ್ನುತ್ತಾಳೆ. ಮೇಲಿನ ಮನೆಯ ಮಾಮಾ ಪ್ರಳಯ ಅನ್ನುತ್ತಾರೆ.

ನಮ್ಮ ಟೀಮಿನ ಮೂರನೆಯವರು ಈ ಮಾಮಾ. ಬ್ಯಾಂಕಿನಿಂದ ನಿವೃತ್ತರು, ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ವೈಷ್ಣವರು, ಅವರ ಕನ್ನಡದಲ್ಲಿ ಅರ್ಧ ತಮಿಳು. ಮಗಳೇ ಕ್ಯಾಪ್ಟನ್, ಅವಳದು ಒಂದೇ ನಿಯಮ: ಪ್ರತಿ ಪ್ರಳಯದಲ್ಲಿ ನಮ್ಮ ಮೂವರ ಪೈಕಿ ಕೊನೆಗೆ ಬಂದವರು ಟೀಮಿನಿಂದ ಹೊರಗೆ. ಆ ಜಾಗಕ್ಕೆ ಅವಳ ಆಫೀಸಿನ ಗೆಳತಿಯೊಬ್ಬಳು ತುದಿಗಾಲಲ್ಲಿ ನಿಂತಿದ್ದಳು. ಹೆತ್ತ ತಾಯಿಗೂ ರಿಯಾಯಿತಿ ಇಲ್ಲವಂತೆ.

ನನಗೆ ಆ ಜಾಗ ಬೇಕೇ ಬೇಕಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮಗಳು ದಿನಕ್ಕೆ ಒಂದು ಗಂಟೆ ನನ್ನ ಜೊತೆ ಮಾತಾಡುತ್ತಿದ್ದದ್ದು ಆ ದ್ವೀಪದಲ್ಲಿ ಮಾತ್ರ.

ಮನೆ ಹೋಯಿತು

ಎಲ್ಲ ಅಳಿಸಿ ಹೋಗುತ್ತದೆ ಎಂದು ಮೊದಲ ಸಲ ನನಗೆ ಯಾರೂ ಹೇಳಿರಲಿಲ್ಲ. ಎರಡು ತಿಂಗಳು ಕಷ್ಟಪಟ್ಟು ಎರಡಂತಸ್ತಿನ ಮನೆ ಕಟ್ಟಿ, ಹಿಂದೆ ಕುಂಬಳಬಳ್ಳಿ ಹಬ್ಬಿಸಿ, ಮುಂದೆ ಕೂರಲು ಜಗಲಿಯನ್ನೂ ಮಾಡಿದ್ದೆ. ಶುಕ್ರವಾರ ಸಂಜೆ ಕಾಫಿ ಕುಡಿದು ಫೋನ್ ತೆರೆದರೆ ಬರೀ ಮರಳು.

ಎಗ್ಮೋರ್‌ನ ಆಫೀಸಿನಲ್ಲಿದ್ದ ಮಗಳಿಗೆ ಫೋನ್ ಮಾಡಿ ಕೂಗಿಕೊಂಡೆ: "ಮನೆ ಹೋಯ್ತು ಕಣೇ! ಗೋಡೆ, ಬಾಗಿಲು, ಜಗಲಿ, ಒಂದೂ ಇಲ್ಲ! ನಾನೊಬ್ಬಳೇ ಕಲ್ಲು ಹಿಡ್ಕೊಂಡು ನಿಂತಿದೀನಿ!"

ನನಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಮಗಳಿಗಿಂತ ಮೊದಲು ಕೇಳಿಸಿದ್ದು ಕೆಳಗಿನ ವಾಚ್‌ಮನ್‌ಗೆ. ಆತ ದೊಣ್ಣೆ ಹಿಡಿದು ಮೂರು ಮಹಡಿ ಹತ್ತಿ ಬಂದ. ಹಿಂದೆಯೇ ಎದುರುಮನೆಯವರು, ಇಸ್ತ್ರಿ ಅಂಗಡಿಯವನು, ಮೇಲಿನಿಂದ ಮಾಮಾ. ವಾಚ್‌ಮನ್ ಹಾಲ್ ನೋಡಿದ, ಅಡುಗೆಮನೆ ನೋಡಿದ, ಬಾತ್‌ರೂಮಿನ ಬಾಗಿಲನ್ನೂ ತಟ್ಟಿ ನೋಡಿದ.

"ಅಮ್ಮಾ, ಎಲ್ಲಾ ಇರುಕ್ಕೇ," ಎಲ್ಲ ಇದ್ದ ಹಾಗೇ ಇದೆಯಲ್ಲ ಎಂದ, ಏದುಸಿರು ಬಿಡುತ್ತ.

ನಾನು ಫೋನ್ ತೋರಿಸಿದೆ. ಆತ ಕಣ್ಣು ಕಿರಿದು ಮಾಡಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ: ಆ ಮನೆಗೂ ಒಬ್ಬ ವಾಚ್‌ಮನ್ ಬೇಕಾ?

ಆ ಸಲ ನಾನೇ ಕೊನೆ. ಹೊಸಬಳೆಂದು ಮಗಳು ಮಾಫಿ ಮಾಡಿದಳು.

ಮೂರನೇ ರಿಮೈಂಡರ್

ಮಾಮಾ ಮಾತ್ರ ಪ್ರಳಯವನ್ನು ಒಪ್ಪಿಕೊಳ್ಳಲಿಲ್ಲ. "ಹಾಗೆಲ್ಲಾ ನೋಟೀಸ್ ಕೊಡದೆ ಮನೆ ತೆಗೆಯೋಕೆ ಮುಡಿಯಾದಮ್ಮ, ಆಗೋದೇ ಇಲ್ಲ," ಎಂದು ಆಟದ ಕಂಪನಿಗೆ ದೂರು ಬರೆದರು. ವಿಷಯ, ಉಲ್ಲೇಖ, 'ಮಾನ್ಯರೇ', ಕೊನೆಗೆ 'ತಮ್ಮ ವಿಶ್ವಾಸಿ'. ಉತ್ತರ ಬರಲಿಲ್ಲ. ಹತ್ತು ದಿನಕ್ಕೆ ಮೊದಲ ರಿಮೈಂಡರ್, ಇನ್ನು ಹತ್ತು ದಿನಕ್ಕೆ ಎರಡನೆಯದು. ಮೂರನೆಯದರ ಕೆಳಗೆ 'ಪ್ರತಿ: ಮೇಲಧಿಕಾರಿಗಳಿಗೆ' ಎಂದು ಸೇರಿಸಿದರು. ಆ ಮೇಲಧಿಕಾರಿಗಳು ಯಾರೆಂದು ಅವರಿಗೂ ಗೊತ್ತಿರಲಿಲ್ಲ.

ಉತ್ತರ ಬಂತು. 'ಪ್ರಿಯ ಆಟಗಾರರೇ, ನಿಮ್ಮ ಅನಿಸಿಕೆ ನಮಗೆ ಅಮೂಲ್ಯ. ಕೃತಜ್ಞತೆಯಾಗಿ ಒಂದು ಪಂಜು.'

ಮಾಮಾ ಮೆಟ್ಟಿಲಿಳಿದು ಓಡಿ ಬಂದರು. "ಪಾರುಮ್ಮಾ, ಇಲ್ನೋಡು, ಕಂಪನಿಯವನು ಬಗ್ಗಿಬಿಟ್ಟ! ಮೊದಲ ಕಂತು ಬಂತು!"

ಏಕಾದಶಿ

ಎರಡನೇ ಪ್ರಳಯದ ಹೊತ್ತಿಗೂ ನಾನು ಹಿಂದೆಯೇ. ಕಾರಣ ಸರಳ. ಉಳಿದವರು ಹಂದಿ ಹೊಡೆದು ತಿಂದು ದಿನವಿಡೀ ಮರ ಕಡಿಯುತ್ತಿದ್ದರು. ನಾನೂ ಮಾಮಾನೂ ಇಡೀ ದ್ವೀಪದ ಇಬ್ಬರೇ ಸಸ್ಯಾಹಾರಿಗಳು, ಕುಂಬಳಕಾಯಿ ಮೇಲೆ ಜೀವ. ಎರಡು ಮರ ಕಡಿಯುವಷ್ಟರಲ್ಲಿ ಆಟದೊಳಗಿನ ನನ್ನ ಗೊಂಬೆಗೆ ತಲೆ ಸುತ್ತುತ್ತಿತ್ತು.

ಒಂದು ದಿನ ಮಾಮಾನ ಗೊಂಬೆ ನಮ್ಮ ಬಾಗಿಲಲ್ಲೇ ಅಂಗಾತ ಬಿತ್ತು. ಕೈಯಲ್ಲಿ ಆರು ಕುಂಬಳಕಾಯಿ. ಗಾಬರಿಯಾಗಿ ಮೇಲೆ ಹೋಗಿ ಕೇಳಿದೆ: "ಮಾಮಾ, ಕೈಲಿ ಊಟ ಇಟ್ಕೊಂಡು ಹಸಿವಿಂದ ಸತ್ತಿದೀರಲ್ಲ!"

"ಇವತ್ತು ಏಕಾದಶಿಮ್ಮ."

"ಏಕಾದಶಿ ನಿಮಗೆ. ಅವನಿಗೇನು?"

"ನಾನ್ ಉಪವಾಸ ಇರೋವಾಗ ಅವನು ಎಪ್ಪಡಿ ತಿಂತಾನೆ?"

"ಸತ್ತೇಹೋದನಲ್ಲ!"

ಮಾಮಾ ಪಂಚಾಂಗ ತೆಗೆದು ಸಮಯ ನೋಡಿ ಹೇಳಿದರು: "ಚಿಂತೆ ಮಾಡ್ಬೇಡ. ನಾಳೆ ಬೆಳಿಗ್ಗೆ ಪಾರಣೆಗೆ ಎದ್ದು ಬರ್ತಾನೆ."

ಆರು ಮೂವತ್ತಕ್ಕೆ ಸರಿಯಾಗಿ ಎಬ್ಬಿಸಿಕೊಂಡು ಬಂದರು ಸಹ. ಪ್ರಳಯದ ದಿನ ಸತ್ತು ಬದುಕಿದ ಮಾಮಾ ಕೂಡ ನನಗಿಂತ ಮುಂದಿದ್ದರು. ಮಗಳು ತಮಿಳಿನಲ್ಲೇ ತೀರ್ಪು ಕೊಟ್ಟಳು: "ಅಮ್ಮಾ, ಇದು ದಾನ್ ಲಾಸ್ಟ್ ಚಾನ್ಸ್."

ಹದಿನಾಲ್ಕನೇ ಷರತ್ತು

ಹೊಸ ದ್ವೀಪ, ಹೊಸ ಕಲ್ಲು. ಎರಡನೇ ದಿನವೇ ಒಬ್ಬ ಪಂಜು ಹಿಡಿದು ನಮ್ಮ ಗುಡಿಸಲು ಸುಡಲು ಬಂದ. ಮಗಳು ಆಫೀಸಿನಲ್ಲಿ, ಮಾಮಾ ಸಂಧ್ಯಾವಂದನೆಯಲ್ಲಿ. ನನ್ನ ಹತ್ತಿರ ಇದ್ದದ್ದು ಕಲ್ಲು ಮತ್ತು ಬಾಯಿ. ಮೈಕ್ ಹಾಕಿ ತಮಿಳಿನಲ್ಲಿ ಕೇಳಿದೆ: "ಯಾರಪ್ಪಾ ಅದು? ನಮ್ಮ ಮನೆ ಸುಟ್ಟು ಹೋಗ್ತೀಯ, ಸರಿ. ಅಷ್ಟರಲ್ಲಿ ನಿನ್ನ ಮನೆ ಯಾರಾದ್ರೂ ಸುಟ್ಟರೆ?"

ಪಂಜು ನಿಂತಿತು. "ಕಷ್ಟ ತಾನ್ ಆಂಟಿ," ಎಂದಿತು ಒಂದು ಹೆಣ್ಣುದನಿ.

ಮೂವತ್ತೊಂದು ವರ್ಷದ ಸರ್ವಿಸ್ ನನ್ನೊಳಗೆ ಎದ್ದು ನಿಂತಿತು. "ದಿನಕ್ಕೆ ಹತ್ತು ಸೌದೆ ನನ್ನ ಹತ್ತಿರ ಕಟ್ಟು. ಯಾರೇ ನಿನ್ನ ಮನೆ ಸುಟ್ಟರೂ ನಾನು ಕಟ್ಟಿಸಿಕೊಡ್ತೀನಿ. ಏನೂ ಆಗದಿದ್ರೆ ಕೊನೇ ದಿನ ಅಷ್ಟೂ ವಾಪಸ್, ಬೋನಸ್ಸಾಗಿ ಕುಂಬಳಕಾಯಿ."

"ಪ್ರಳಯ ಆದ್ರೆ ಕ್ಲೇಮ್ ಸಿಗುತ್ತಾ ಆಂಟಿ?"

"ಪ್ರಳಯಕ್ಕೆ ಕವರ್ ಇಲ್ಲ. ಹದಿನಾಲ್ಕನೇ ಷರತ್ತು."

"ಉಳಿದ ಹದಿಮೂರು?"

"ಆಮೇಲೆ ಬರೀತೀನಿ."

ತಿಂಗಳೊಳಗೆ ಹತ್ತೊಂಬತ್ತು ಟೀಮೂ ಪಾಲಿಸಿ ಮಾಡಿಸಿದವು. ಒಂದು ಮನೆ ಸುಟ್ಟರೂ ಎಲ್ಲರ ಬೋನಸ್ ಕಡಿಮೆಯಾಗುತ್ತದೆ ಎಂದು ಹೇಳಿಬಿಟ್ಟಿದ್ದೆ, ಹಾಗಾಗಿ ಯಾರೂ ಯಾರ ತಂಟೆಗೂ ಹೋಗಲಿಲ್ಲ. ಕೊನೆಯ ಶುಕ್ರವಾರ ನಾಲ್ಕು ಗಂಟೆಗೆ ನಾನು ಇಡೀ ದ್ವೀಪಕ್ಕೇ ಮೊದಲ ಸ್ಥಾನದಲ್ಲಿದ್ದೆ.

ಮಗಳು ರಜೆ ಹಾಕಿ ಪಕ್ಕದಲ್ಲೇ ಕೂತಿದ್ದಳು. "ಅಮ್ಮಾ, ಫಸ್ಟ್! ಐದು ಗಂಟೆ ವರೆಗೂ ಯಾರಿಗೂ ಏನೂ ಕೊಡಬೇಡ."

"ಇವತ್ತು ಮೆಚ್ಯೂರಿಟಿ ಕಣೇ, ಪಾಲಿಸಿ ಮುಗಿಯೋ ದಿನ. ಕೊಡ್ತೀನಿ ಅಂದಿದ್ದೆ."

"ಒಂದು ಗಂಟೆಲಿ ಎಲ್ಲಾ ಅಳಿಸಿ ಹೋಗುತ್ತೆ. ಯಾರು ಕೇಳ್ತಾರೆ? ಕೊಟ್ಟರೆ ನೀನೇ ಲಾಸ್ಟ್. ಆಮೇಲೆ ನಿಯಮ ನಿಯಮವೇ."

ದಿನದ ಆ ಒಂದು ಗಂಟೆಯ ಮಾತು ಹೋಗುತ್ತದಲ್ಲ ಎಂದು ಕಣ್ಣಲ್ಲಿ ನೀರು ಬಂತು. ಆದರೆ ನುಂಗಂಬಾಕ್ಕಂನ ನಮ್ಮ ವಿಮಾ ಕಚೇರಿಯಲ್ಲಿ ಮೆಚ್ಯೂರಿಟಿ ದಿನ ಬಂದವರನ್ನು ನಾಳೆ ಬನ್ನಿ ಎಂದು ಒಮ್ಮೆಯೂ ಕಳಿಸಿದವಳಲ್ಲ ನಾನು. ಪೆಟ್ಟಿಗೆ ತೆರೆದೆ.

ದ್ವೀಪದ ನಮ್ಮ ಮನೆಯ ಹೊರಗೆ ಐವತ್ತೇಳು ಜನ ಸಾಲು. ಮಾಮಾ ಕೌಂಟರಿನಲ್ಲಿ ನಿಂತು "ಲೈನ್‌ಲೆ ವಾಂಗೋ, ತಳ್ಳಬೇಡಿ," ಎನ್ನುತ್ತ ಒಬ್ಬೊಬ್ಬರನ್ನೇ ಬಿಟ್ಟರು. ಐದಕ್ಕೆ ಎರಡು ನಿಮಿಷವಿರುವಾಗ ಕೊನೆಯ ಕುಂಬಳಕಾಯಿ ಕೈಬಿಟ್ಟಿತು. ಐದಕ್ಕೆ ಪಟ್ಟಿ ಬಂತು. ಅರವತ್ತು ಜನರಲ್ಲಿ ನಾನು ಅರವತ್ತನೆಯವಳು. ಮಗಳು ನನ್ನ ಹೆಸರು ತೆಗೆದು ಗೆಳತಿಯನ್ನು ಸೇರಿಸಿಕೊಂಡಳು.

ಹೊಸ ಮರಳಿನ ಮೇಲೆ ಕಲ್ಲು ಹಿಡಿದು ಒಂಟಿಯಾಗಿ ನಿಂತಿದ್ದೆ. ಟಿಣ್ ಎಂದಿತು ಫೋನು. ಮತ್ತೆ ಟಿಣ್. 'ಆಂಟಿ, ನಮ್ಮ ಟೀಮಿಗೆ ಬನ್ನಿ, ನೀವೇ ಕ್ಯಾಪ್ಟನ್.' ಒಟ್ಟು ಹತ್ತೊಂಬತ್ತು ಆಹ್ವಾನ! ಎಲ್ಲರಿಗೂ ಕೈಮುಗಿದು, ಸ್ವಂತ ಬ್ರಾಂಚ್ ತೆರೆಯುತ್ತಿದ್ದೇನೆ ಎಂದೆ. ರಾತ್ರಿಯೊಳಗೆ ಹತ್ತೊಂಬತ್ತೂ ಪಾಲಿಸಿ ನವೀಕರಣವಾದವು. ಮಾಮಾ ಮಗಳಿಗೆ ರಾಜೀನಾಮೆ ಕೊಟ್ಟು ನನ್ನ ಬ್ರಾಂಚಿಗೆ ವರ್ಗವಾಗಿ ಬಂದರು. ಮೂರನೇ ಜಾಗವನ್ನು ನಾನು ಯಾರಿಗೂ ಕೊಡಲಿಲ್ಲ.

ದ್ವೀಪದಲ್ಲಿ ವಿಮೆ ಇಲ್ಲದ ಮನೆ ಒಂದೇ ಉಳಿದಿತ್ತು, ಮಗಳದು. ಕೈ ತುರಿಸಿದವರೆಲ್ಲ ಹೋಗಿ ಅದನ್ನೇ ಸುಟ್ಟರು, ವಾರದಲ್ಲಿ ಮೂರು ಸಲ. ಗೆಳತಿ ಆಟವನ್ನೇ ಬಿಟ್ಟಳು.

ಭಾನುವಾರ ಮಗಳು ತನ್ನ ಕೋಣೆಯಿಂದ ಎದ್ದು ಬಂದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಅವಳು ಹಾಗೆ ಕೂತು ಎಷ್ಟೋ ವರ್ಷವಾಗಿತ್ತು. "ಅಮ್ಮಾ, ನಾನೂ ನಿನ್ನ ಟೀಮಿಗೆ ಬರಲಾ?"

ನನಗೆ ಕುಣಿಯುವಷ್ಟು ಸಂತೋಷ. ಆದರೂ ಕನ್ನಡಕ ಏರಿಸಿ, "ಅರ್ಜಿ ಬರೆದು ಕೊಡು," ಎಂದೆ.

ಕಾಗದ ಹುಡುಕಿ, ಅಲ್ಲೇ ಕೂತು, ಒಂದು ಪುಟ ಬರೆದು ಕೊಟ್ಟಳು. ಮೇಲಿನಿಂದ ಕೆಳಗಿನವರೆಗೆ ಓದಿದೆ, ತಿರುಗಿಸಿ ಹಿಂಬದಿಯನ್ನೂ ನೋಡಿದೆ, ವಾಪಸ್ ಕೊಟ್ಟೆ.

"ಫೋಟೋ ಅಂಟಿಸಿಲ್ಲ."