ಹೆಸರು ಬರೆಯದ ಚೀಟಿ

ಚೀಟಿಯಲ್ಲಿ ಹೆಸರು ಬರೆಯಬಾರದು ಎಂಬುದು ಆ ಚರ್ಚಿನ ನಿಯಮ. ಬಾಗಿಲ ಬಳಿಯ ಪ್ರಾರ್ಥನಾ ಪೆಟ್ಟಿಗೆಯಲ್ಲಿ ಯಾರು ಬೇಕಾದರೂ ತಮ್ಮ ಕಷ್ಟ ಬರೆದು ಹಾಕಬಹುದು. ಬೆಳಗ್ಗೆ ಏಳಕ್ಕೆ ಪ್ರಾರ್ಥನಾ ಗುಂಪಿನ ಮೂವರು ಬಂದು ಪೆಟ್ಟಿಗೆ ತೆರೆದು, ಒಂದೊಂದೇ ಚೀಟಿ ಓದಿ, ಮೊಣಕಾಲೂರಿ ಪ್ರಾರ್ಥಿಸುತ್ತಾರೆ. ಚೀಟಿ ಯಾರದೆಂದು ದೇವರಿಗೆ ಗೊತ್ತಾದರೆ ಸಾಕು.

ಬೋರ್ಡಣ್ಣ ಅಂದು ಆರೂವರೆಗೇ ಹೋಗಿ ಚೀಟಿ ಹಾಕಿ ಬಂದ. "ಕರ್ತನೇ, ಭಾವ ಹೇಳಿದ ಕೆಲಸಕ್ಕೆ ಹೋಗಲೋ, ಇಲ್ಲೇ ಇರಲೋ? ಇವತ್ತು ಸಂಜೆ ಐದರೊಳಗೆ ಒಂದು ಗುರುತು ತೋರಿಸು. ದಯವಿಟ್ಟು ಸ್ಪಷ್ಟವಾಗಿ ತೋರಿಸು. ಆಮೆನ್."

ಹೆಸರೇನೋ ಬರೆಯಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಅಂಗಡಿ ಬೋರ್ಡು ಬರೆದ ಕೈ ಅದು. ಪೆನ್ಸಿಲ್ ಹಿಡಿದರೂ ಅಕ್ಷರದ ಬಲಗಡೆ ಒಂದು ನೆರಳು ಕೊಡದೆ ಬಿಡುತ್ತಿರಲಿಲ್ಲ. ಬೇಕರಿಯ ಬೋರ್ಡು, ಹೊಲಿಗೆ ಅಂಗಡಿಯ ಬೋರ್ಡು, 'ಇಲ್ಲಿ ಸೈಕಲ್ ನಿಲ್ಲಿಸಬಾರದು' ಎಂಬ ಗೋಡೆಬರಹ, ಕಡೆಗೆ ಪೆಟ್ಟಿಗೆಯ ಮೇಲಿನ 'ಹೆಸರು ಬರೆಯಬೇಡಿ' ಎಂಬ ಸಾಲು ಕೂಡ ಅವನದೇ. ಆ ಬೀದಿಯ ಅರ್ಧ ಮಕ್ಕಳು ಓದು ಕಲಿತದ್ದೇ ಅವನ ಬೋರ್ಡುಗಳನ್ನು ನೋಡಿಕೊಂಡು.

ಫ್ಲೆಕ್ಸ್ ಬಂದಮೇಲೆ ಅವನನ್ನು ಕೇಳುವವರಿರಲಿಲ್ಲ. ಆರು ವಾರದಿಂದ ಒಂದೇ ಒಂದು ಬೋರ್ಡಿನ ಕೆಲಸವಿಲ್ಲ. ಕುಂಚಗಳು ಒಣಗಿ ಮೊಳೆಗಳ ಹಾಗಾಗಿದ್ದವು. ಇಂಥ ಹೊತ್ತಿನಲ್ಲಿ, ಹಿಂದಿನ ದಿನ, ಅಕ್ಕನ ಗಂಡ ಫೋನ್ ಮಾಡಿದ್ದ. ಅವನು ಬೇರೆ ಊರಿನ ಬಸ್ ಡಿಪೋದ ಪೇಂಟ್ ಶೆಡ್ಡಿನಲ್ಲಿ ಮೇಸ್ತ್ರಿ. ಬಸ್ಸುಗಳ ಮೇಲೆ ಊರಿನ ಹೆಸರು ಬರೆಯಲು ಒಬ್ಬ ಬೇಕು, ತಿಂಗಳ ಸಂಬಳ, ನಾಳೆ ಐದು ಗಂಟೆಯೊಳಗೆ ಹೂಂ ಅನ್ನು ಎಂದಿದ್ದ.

ಬೇರೆಯವರಾಗಿದ್ದರೆ ಅಲ್ಲೇ ಹೂಂ ಅನ್ನುತ್ತಿದ್ದರು. ಬೋರ್ಡಣ್ಣ ಬಿಳಿ ಬಣ್ಣದ ಡಬ್ಬಿ ಕೊಳ್ಳಲು ಹೋದರೂ ಯಾವ ಬಿಳಿ ಎಂದು ಎರಡು ದಿನ ಯೋಚಿಸುವವನು. ಹಿಂದೊಮ್ಮೆ ನೋಡಿ ಬಂದ ಹುಡುಗಿಗೆ ಒಪ್ಪಿಗೆ ಹೇಳಿ ಕಳಿಸುವ ಹೊತ್ತಿಗೆ ಆಕೆಯ ಮಗು ಶಾಲೆಗೆ ಸೇರಿತ್ತು. ಅದಕ್ಕೇ ಈ ಸಲ ವಿಷಯವನ್ನು ಮೇಲಿನವನಿಗೇ ಒಪ್ಪಿಸಿದ್ದ.

ಪ್ರಾರ್ಥನಾ ಗುಂಪಿನ ಮೂವರೆಂದರೆ ಅವನ ಬಾಡಿಗೆ ಮಳಿಗೆಯ ಯಜಮಾನಿ ದೊಡ್ಡಮ್ಮ, ಎದುರಿನ ಬೇಕರಿಯವನು ಮತ್ತು ಪಕ್ಕದ ಹೊಲಿಗೆ ಅಕ್ಕ. ಚೀಟಿ ತೆರೆದ ಕೂಡಲೇ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರು ಮಾತ್ರ ಯಾರೂ ಎತ್ತಲಿಲ್ಲ. ನಿಯಮ ಎಂದರೆ ನಿಯಮ. ಏಳೂವರೆಗೆ ಪ್ರಾರ್ಥನೆ ಮುಗಿಯಿತು. ಎಂಟಕ್ಕೆ ಇಬ್ಬರು ದೇವರಿಗೆ ಸಹಾಯ ಮಾಡಲು ಹೊರಟರು.

ಒಂಬತ್ತೂವರೆಗೆ ಬೋರ್ಡಣ್ಣ ಮಳಿಗೆಗೆ ಬಂದಾಗ ಬಾಗಿಲಲ್ಲಿ ಒಂದು ಸೂಟ್‌ಕೇಸ್ ನಿಂತಿತ್ತು. ಖಾಲಿ. ಹಳೆಯದು. ಬೀದಿಯಲ್ಲಿ ಯಾರೂ ಇರಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕೆ? ಅರ್ಧ ಗಂಟೆ ಅದರ ಸುತ್ತ ಸುತ್ತಿ, ಬೀಗ ತೆಗೆದು ಹಾಕಿ, ಹಿಡಿ ಎಳೆದು ನೋಡಿ, ಹತ್ತಕ್ಕೆ ಎರಡು ನಿಮಿಷ ಇರುವಾಗ ಭಾವನ ನಂಬರು ಒತ್ತಿದ.

ಆಗಲೇ ಬೇಕರಿಯವನು ಕೇಕಿನ ತಟ್ಟೆ ಹಿಡಿದು ಒಳಗೆ ಬಂದ. ಕೇಕಿನ ಮೇಲೆ ಕೆನೆಯಲ್ಲಿ 'ಇಲ್ಲೇ ಇರು' ಎಂದು ಬರೆದಿತ್ತು.

ಬೋರ್ಡಣ್ಣ ಫೋನ್ ಕಟ್ ಮಾಡಿದ. ಇದನ್ನು ಯಾರು ಬರೆದದ್ದು ಎಂದು ಕೇಳಿದ.

"ನನಗೇನು ಗೊತ್ತು? ಒಲೆಯಿಂದ ತೆಗೆದಾಗಲೇ ಹೀಗಿತ್ತು" ಎಂದ ಬೇಕರಿಯವನು, ಗಂಭೀರವಾಗಿ.

ಬೇಕರಿಯವನಿಗೆ ಅವನದೇ ಕಾರಣವಿತ್ತು. ದಿನಾ ಮಧ್ಯಾಹ್ನ ಇಬ್ಬರೂ ಕೇರಂ ಆಡುತ್ತಿದ್ದರು. ಲೋಕದಲ್ಲಿ ಅವನು ಸೋಲಿಸಬಹುದಾದ ಮನುಷ್ಯ ಬೋರ್ಡಣ್ಣ ಒಬ್ಬನೇ. ಯಾವ ಕಾಯಿ ಹೊಡೆಯಲಿ ಎಂದು ಬೋರ್ಡಣ್ಣ ಯೋಚಿಸುವಷ್ಟರಲ್ಲಿ ಒಂದು ಬುಟ್ಟಿ ಬ್ರೆಡ್ಡು ಬೇಯುತ್ತಿತ್ತು. ದೊಡ್ಡಮ್ಮನದು ಬೇರೆ ಲೆಕ್ಕಾಚಾರ. ಅವಳ ತಂಗಿಯ ಮಗನಿಗೆ ಆ ಮಳಿಗೆ ಬೇಕಿತ್ತು.

ಕೇಕಿನ ಸುದ್ದಿ ಅವಳ ಕಿವಿಗೆ ಬಿದ್ದದ್ದೇ ತಡ, ಹನ್ನೊಂದಕ್ಕೆ ಒಂದು ತಳ್ಳುಗಾಡಿ ಬಂದು ನಿಂತಿತು. ಏಣಿ, ಹಲಗೆ ಎಲ್ಲ ಸಾಗಿಸಲು ಯಾರೋ ಹೇಳಿಕಳಿಸಿದ್ದಾರೆ, ಯಾರೆಂದು ಹೇಳಬಾರದಂತೆ ಎಂದ ಗಾಡಿಯವನು. ಬೇಕರಿಯವನು ಓಡಿಬಂದು ಏಣಿಯ ಮೇಲೆ ಕೂತುಬಿಟ್ಟ. ದೊಡ್ಡಮ್ಮ, ಸುಮ್ಮನೆ ಈ ಕಡೆ ಹೋಗುತ್ತಿದ್ದೆ ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ದೇವರು ತೆರೆದ ಬಾಗಿಲಿಗೆ ಅಡ್ಡ ಕೂರಬೇಡ ಎಂದಳು. ದೇವರ ಬಾಗಿಲಿಗೆ ನಿಮ್ಮನ್ನು ಕಾವಲು ಹಾಕಿದವರು ಯಾರು ಎಂದ ಅವನು. ಏಣಿಯ ಒಂದು ತುದಿ ಅವಳು ಎಳೆದಳು, ಇನ್ನೊಂದು ತುದಿ ಅವನು. ಬಿಡಿಸಲು ಹೋದ ಬೋರ್ಡಣ್ಣನ ಎಡಗಾಲು ಹಳದಿ ಬಣ್ಣದ ಡಬ್ಬಿಯೊಳಗೆ ಇಳಿಯಿತು. ಆರು ವಾರದಲ್ಲಿ ಆ ಡಬ್ಬಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕುಂಟುತ್ತ ಬೀದಿಗೆ ಇಳಿದ ಅವನನ್ನು ಹೊಲಿಗೆ ಅಕ್ಕ ಕರೆದು ಒಂದು ಚಿಂದಿ ಬಟ್ಟೆ ಕೊಟ್ಟಳು. ಅವನು ಕಾಲು ಒರೆಸಿಕೊಳ್ಳುತ್ತ, ಅಕ್ಕಾ, ಇವತ್ತು ದೇವರು ಎರಡು ನಾಲಿಗೆಯಲ್ಲಿ ಮಾತಾಡುತ್ತಿದ್ದಾನೆ ಎಂದ.

"ದೇವರು ಇನ್ನೂ ಬಾಯೇ ತೆರೆದಿಲ್ಲ ತಮ್ಮಾ. ನಿನ್ನ ಅಕ್ಷರ ಯಾರಿಗೆ ಗೊತ್ತಿಲ್ಲ ಹೇಳು? ನೆರಳು ಬೇರೆ ಕೊಟ್ಟಿದ್ದೀಯ."

ಬೋರ್ಡಣ್ಣನ ಮುಖ ಕಾಲಿನ ಬಣ್ಣಕ್ಕೆ ತಿರುಗಿತು. ನೀನೇನು ಗುರುತು ಕಳಿಸಿದೆ ಎಂದು ಕೇಳಿದ.

"ನಾನು ಪ್ರಾರ್ಥನೆ ಮಾಡಿದೆ. ಆಮೇಲೆ ಬಂದು ಕಾಜಾ ಹೊಲೀತಾ ಕೂತೆ."

ಬೋರ್ಡಣ್ಣ ಚರ್ಚಿಗೆ ಹೋದ. ಪಾಸ್ಟರ್ ಅದರ ಹಿಂದೆ ಮುರಿದ ಬೆಂಚೊಂದಕ್ಕೆ ಕಾಲು ಕೂರಿಸುತ್ತಿದ್ದರು. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಇಡೀ ಕಥೆ ಕೇಳಿದರು. ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದು ಬೆಂಚಿಗೆ ಎರಡು ಕಾಲು ಬಂದಿದ್ದವು. ನಿಮಗೆ ದೇವರು ಹೇಗೆ ದಾರಿ ತೋರಿಸುತ್ತಾನೆ ಎಂದು ಬೋರ್ಡಣ್ಣ ಕೇಳಿದ.

ಪಾಸ್ಟರ್ ಮೊಳೆ ತೆಗೆದರು. "ಮೂವತ್ತು ವರ್ಷದಿಂದ ಕೇಳ್ತಾ ಇದ್ದೀನಿ. ಹೆಚ್ಚಾಗಿ ಸುಮ್ಮನಿರ್ತಾನೆ. ಆಗ ನಾನು ಎದ್ದು ಎದುರಿಗಿರೋ ಕೆಲಸ ಮಾಡ್ತೀನಿ. ಈ ಕಾಲು ಸ್ವಲ್ಪ ಹಿಡ್ಕೋ."

ಬೆಂಚಿನ ಕಾಲು ಹಿಡಿದುಕೊಂಡೇ ಬೋರ್ಡಣ್ಣ ತೀರ್ಮಾನ ಮಾಡಿಬಿಟ್ಟ. ಹೋಗುವುದು. ಬದುಕಿನಲ್ಲಿ ತಾನಾಗಿಯೇ ಮಾಡಿದ ಮೊದಲ ತೀರ್ಮಾನ. ಮೈ ಹಗುರವಾಯಿತು. ಬೀದಿಯುದ್ದಕ್ಕೂ ಬೆಳಗ್ಗೆ ಬಿಟ್ಟಿದ್ದ ಒಂದೇ ಕಾಲಿನ ಹಳದಿ ಗುರುತು ಹಿಡಿದು ನೆಟ್ಟಗೆ ಮಳಿಗೆಗೆ ಬಂದು, ಕಾದು ಕೂತಿದ್ದ ದೊಡ್ಡಮ್ಮನ ಕೈಗೆ ಬೀಗದಕೈ ಇಟ್ಟ. ಅವಳು ದೇವರಿಗೆ ಸ್ತೋತ್ರ ಎಂದಳು. ಬೇಕರಿಯವನು ಕೇಕಿನಿಂದ 'ಇಲ್ಲೇ' ಎಂಬಷ್ಟನ್ನು ಕತ್ತರಿಸಿ ತಿಂದ.

ಐದಕ್ಕೆ ಹತ್ತು ನಿಮಿಷ ಇತ್ತು. ಬೋರ್ಡಣ್ಣ ಫೋನ್ ಮಾಡಿ, ಭಾವ, ಬರ್ತೀನಿ ಎಂದ.

ಭಾವ ನಿಧಾನವಾಗಿ ಹೇಳಿದ. ನಿನ್ನಂಥ ಅನುಮಾನದ ಮನುಷ್ಯನನ್ನು ಶೆಡ್ಡಿಗೆ ಸೇರಿಸಿಕೊಳ್ಳಲೋ ಬೇಡವೋ ಎಂದು ನನಗೂ ಗೊಂದಲವಿತ್ತು. ಅದಕ್ಕೆ ನಾನೂ ಬೆಳಗ್ಗೆ ಪ್ರಾರ್ಥನೆ ಮಾಡಿ ಒಂದು ಗುರುತು ಕೇಳಿದ್ದೆ. ಹತ್ತು ಗಂಟೆಯೊಳಗೆ ನೀನು ಫೋನ್ ಮಾಡಿದರೆ ನೀನೇ. ಇಲ್ಲವಾದರೆ ಆಮೇಲೆ ಯಾರು ಮೊದಲು ಕೇಳುತ್ತಾರೋ ಅವರು.

"ನೀವು ಐದು ಗಂಟೆ ಅಂದಿದ್ರಿ ಭಾವ."

"ಐದು ಅಂದಿದ್ದು ನಿನಗೆ. ಹತ್ತು ಅಂದಿದ್ದು ದೇವರಿಗೆ. ಹತ್ತಕ್ಕೆ ಎರಡು ನಿಮಿಷ ಇದ್ದಾಗ ಒಂದು ಸಲ ರಿಂಗ್ ಆಯ್ತು, ಎತ್ತೋ ಅಷ್ಟರಲ್ಲಿ ನಿಂತುಹೋಯ್ತು. ಹತ್ತೂ ಐದಕ್ಕೆ ಇನ್ನೊಬ್ಬ ಬಾಗಿಲಿಗೇ ಬಂದ. ಏನು ಮಾಡಲಪ್ಪಾ, ಗುರುತು ಬಹಳ ಸ್ಪಷ್ಟವಾಗಿತ್ತು."

ಬೋರ್ಡಣ್ಣ ಬೇಕರಿಯವನತ್ತ ನೋಡಿದ. ಬೇಕರಿಯವನು ಕೇಕಿನತ್ತ ನೋಡಿದ.

ಬೀಗದಕೈ ವಾಪಸ್ ಕೇಳಲು ತಿರುಗಿದರೆ ದೊಡ್ಡಮ್ಮನ ತಂಗಿಯ ಮಗ ಆಗಲೇ ಟೇಪ್ ಹಿಡಿದು ಗೋಡೆ ಅಳೆಯುತ್ತಿದ್ದ. ನಿನ್ನನ್ನು ಬರಿಗೈಯಲ್ಲಿ ಕಳಿಸುತ್ತೇನೆಯೇ ಎಂದು ದೊಡ್ಡಮ್ಮ ಸಮಾಧಾನ ಹೇಳಿದಳು. ಹುಡುಗ ಸೋಮವಾರ ಅಂಗಡಿ ತೆರೆಯುತ್ತಾನೆ, ಒಂದು ಬೋರ್ಡು ಬರೆದುಕೊಡು, ಹೊಲಿಗೆ ಅಕ್ಕನ ಮೆಟ್ಟಿಲ ಮೇಲೆ ಕೂತು ಬರೆ. ಆರು ವಾರದಲ್ಲಿ ಮೊದಲ ಬೋರ್ಡು. ಏನು ಅಂಗಡಿ ಎಂದು ಬೋರ್ಡಣ್ಣ ಕೇಳಿದ.

"ಫ್ಲೆಕ್ಸ್ ಪ್ರಿಂಟಿಂಗ್. ಮೆಷಿನ್ ಬರೋದು ಹದಿನೈದು ದಿನ ತಡ ಆಗುತ್ತಂತೆ. ಅಲ್ಲಿತನಕ ನಿನ್ನದು ಇರಲಿ. ಬಣ್ಣ ನಿನ್ನಿಷ್ಟ."

ಕೆಂಪೋ ನೀಲಿಯೋ ಎಂದು ಅವನು ಮೆಟ್ಟಿಲ ಮೇಲೆ ಕತ್ತಲಾಗುವತನಕ ಕೂತ. ಹೊಲಿಗೆ ಅಕ್ಕ ಕೆಂಪು ಎಂದಳು; ಹಾಗೆಂದ ಮೇಲೆ ನೀಲಿಯೇ ಸರಿ ಇರಬಹುದೆನಿಸಿತು. ಕಡೆಗೆ ಎದ್ದು, ಒಂದು ಚೀಟಿ ಹರಿದುಕೊಂಡು ಚರ್ಚಿಗೆ ಹೋದ. ಈ ಸಲ ಅವನು ಹುಷಾರಾಗಿದ್ದ. ಎಡಗೈಯಲ್ಲಿ ಬರೆದ.

ಮರುದಿನ ಬೆಳಗ್ಗೆ ಏಳಕ್ಕೆ ಪೆಟ್ಟಿಗೆ ತೆರೆದ ಮೂವರೂ ಆ ಚೀಟಿ ನೋಡಿದರು. ಅಕ್ಷರಗಳು ಕುಡಿದವರ ಹಾಗೆ ಅತ್ತಿತ್ತ ವಾಲುತ್ತಿದ್ದವು. ಒಂದೊಂದರ ಪಕ್ಕದಲ್ಲೂ, ಬಲಗಡೆಗೆ, ನೀಟಾಗಿ, ಒಂದು ನೆರಳು ಬಿದ್ದಿತ್ತು.